ಮಲಿನ ಜಾಗ ಮರುಬಳಕೆಗೆ ಬರುವಾಗ ನೆರೆಹೊರೆಯ ಸಂಘಗಳು ಮಾಡಬೇಕಾದ ಕೆಲಸ

ಚಿಕ್ಕಮಗಳೂರು ಬೆಳೆದಂತೆಲ್ಲ, ಒಂದು ಕಾಲಕ್ಕೆ ಊರಿನ ಅಂಚಿನಲ್ಲಿದ್ದ ಎಷ್ಟೋ ಜಾಗಗಳು ಈಗ ಮನೆಗಳ ನಡುವೆ ಸಿಕ್ಕಿಕೊಂಡಿವೆ. ಕೆಲಸ ನಿಲ್ಲಿಸಿದ ಕಾಫಿ ಕ್ಯೂರಿಂಗ್ ವರ್ಕ್ಸ್‌ನ ಆವರಣ, ತೋಟದ ಔಷಧಿ ದಾಸ್ತಾನು ಮಾಡುತ್ತಿದ್ದ ಗೋದಾಮು, ಮುಚ್ಚಿಹೋದ ಪೆಟ್ರೋಲ್ ಬಂಕ್, ಲಾರಿ ಗ್ಯಾರೇಜುಗಳ ಸಾಲು, ಹಳೆ ಬ್ಯಾಟರಿ ಒಡೆಯುತ್ತಿದ್ದ ಗುಜರಿ ಅಂಗಡಿ, ಕಸ ಸುರಿದು ಮಟ್ಟ ಮಾಡಿದ ಕೆರೆಯಂಗಳ, ಇಂಥವುಗಳ ಮೇಲೆ ಬಡಾವಣೆ, ವಾಣಿಜ್ಯ ಸಂಕೀರ್ಣ, ಉದ್ಯಾನ ಅಥವಾ ಅಂಗನವಾಡಿ ಕಟ್ಟುವ ಮಾತು ಯಾವ ಊರಿನಲ್ಲಾದರೂ ಒಂದಲ್ಲ ಒಂದು ದಿನ ಬರುತ್ತದೆ. ಗದ್ದೆ ತೋಟಗಳನ್ನು ನುಂಗುತ್ತ ಊರು ಹಿಗ್ಗುವುದಕ್ಕಿಂತ ಒಳಗಿನ ಪಾಳು ಜಾಗ ಬಳಕೆಗೆ ಬರುವುದು ಒಳ್ಳೆಯದೇ. ಆದರೆ ಆ ಮಣ್ಣಿನಲ್ಲಿ ಏನು ಉಳಿದಿದೆ, ಅದನ್ನು ಯಾರು ತೆಗೆಯಬೇಕು, ಎಷ್ಟರ ಮಟ್ಟಿಗೆ ತೆಗೆದರೆ ಸಾಕು ಎಂಬುದು ಅಕ್ಕಪಕ್ಕದಲ್ಲಿ ಬದುಕುವವರನ್ನು ಕೇಳದೆ ತೀರ್ಮಾನವಾಗಬಾರದು. ಬಡಾವಣೆಯ ಕ್ಷೇಮಾಭಿವೃದ್ಧಿ ಸಂಘ, ಸ್ತ್ರೀಶಕ್ತಿ ಸಂಘ, ಯುವಕ ಸಂಘಗಳ ಜೊತೆ ನಿಂತು ಕೆಲಸ ಮಾಡುವವರಿಗಾಗಿ ಈ ಬರಹ.

ಮೊದಲೇ ಹೇಳಬೇಕಾದ ಮಾತೊಂದಿದೆ. ಜಾಗ ಎಷ್ಟು ಶುದ್ಧವಾಗಬೇಕು ಎಂಬುದು, ಅದನ್ನು ಮುಂದೆ ಯಾವುದಕ್ಕೆ ಬಳಸುತ್ತೇವೆ ಎಂಬುದರ ಮೇಲೆ ನಿಂತಿರುತ್ತದೆ. ಕಾಂಕ್ರೀಟ್ ಹಾಸಿದ ವಾಹನ ನಿಲ್ದಾಣಕ್ಕೆ ಸಾಲುವ ಶುದ್ಧತೆ, ಮಕ್ಕಳು ಮಣ್ಣಿನಲ್ಲಿ ಆಡುವ ಅಂಗಳಕ್ಕೆ ಸಾಲುವುದಿಲ್ಲ. ಹಾಗಾಗಿ ಬಳಕೆ ಯಾವುದೆಂದು ತೀರ್ಮಾನವಾದ ದಿನವೇ ಖರ್ಚು, ಅವಧಿ, ಅಪಾಯ ಎಲ್ಲವೂ ಬಹುಮಟ್ಟಿಗೆ ತೀರ್ಮಾನವಾಗಿಬಿಡುತ್ತವೆ. ಜನರು ಆ ತೀರ್ಮಾನಕ್ಕೆ ಮೊದಲು ಮೇಜಿನ ಮುಂದೆ ಕೂತಿರಬೇಕು; ನಕ್ಷೆ ಸಿದ್ಧವಾದ ಮೇಲೆ ಕರೆಯುವ ಸಭೆಯಲ್ಲಿ ಗೇಟಿನ ಬಣ್ಣದ ಬಗ್ಗೆ ಅಭಿಪ್ರಾಯ ಹೇಳುವುದಷ್ಟೇ ಉಳಿದಿರುತ್ತದೆ.

ಸಾರ್ವಜನಿಕ ಅಹವಾಲು ಸಭೆ ಬರುತ್ತದೆಂದು ಕಾಯಬೇಡಿ

ಸರ್ಕಾರವೇ ಒಂದು ದಿನ ಸಾರ್ವಜನಿಕ ಅಹವಾಲು ಸಭೆ ಕರೆಯುತ್ತದೆ, ಅಲ್ಲಿ ಎಲ್ಲವನ್ನೂ ಹೇಳೋಣ ಎಂದು ಅನೇಕ ಸಂಘಗಳು ಸುಮ್ಮನಿರುತ್ತವೆ. 2006ರ ಪರಿಸರ ಪರಿಣಾಮ ಅಂದಾಜು ಅಧಿಸೂಚನೆಯ ಪ್ರಕಾರ 20,000 ಚದರ ಮೀಟರ್ ಮೀರಿದ ನಿರ್ಮಾಣಕ್ಕೆ ಪೂರ್ವಾನುಮತಿ ಬೇಕೆಂಬುದು ನಿಜ. ಆದರೆ ಕಟ್ಟಡ ಮತ್ತು ಬಡಾವಣೆ ಯೋಜನೆಗಳಿಗೆ ಅದೇ ಅಧಿಸೂಚನೆ ಸಾರ್ವಜನಿಕ ಸಮಾಲೋಚನೆಯಿಂದ ವಿನಾಯಿತಿ ಕೊಟ್ಟಿದೆ. ನಮ್ಮಂಥ ಜಿಲ್ಲಾ ಕೇಂದ್ರಗಳ ಬಹಳಷ್ಟು ಯೋಜನೆಗಳು ಆ ಅಳತೆಯನ್ನು ಮುಟ್ಟುವುದೂ ಇಲ್ಲ. ಆದ್ದರಿಂದ ಬಾಗಿಲು ತಾನಾಗಿ ತೆರೆಯುವುದಿಲ್ಲ, ತಟ್ಟಬೇಕಾಗುತ್ತದೆ.

ತಟ್ಟಬಹುದಾದ ಬಾಗಿಲುಗಳು ಇಲ್ಲವೆಂದಲ್ಲ. 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಡಿ ಊರಿನ ಮಹಾಯೋಜನೆ (ಮಾಸ್ಟರ್ ಪ್ಲಾನ್) ತಯಾರಾಗುವಾಗಲೂ, ಭೂಬಳಕೆ ಬದಲಾವಣೆ ಕೇಳಿದಾಗಲೂ ಆಕ್ಷೇಪಣೆ ಆಹ್ವಾನಿಸುವ ಪ್ರಕಟಣೆ ಹೊರಡಬೇಕು. ಅದು ದಿನಪತ್ರಿಕೆಯ ಒಳಪುಟದಲ್ಲಿ ಸಣ್ಣ ಅಕ್ಷರದಲ್ಲಿ ಬರುತ್ತದೆ. ಸಂಘದಲ್ಲಿ ಒಬ್ಬರಿಗೆ ಇದೇ ಕೆಲಸ ಒಪ್ಪಿಸಿ; ನಿವೃತ್ತ ಶಿಕ್ಷಕರೋ ಗ್ರಂಥಾಲಯಕ್ಕೆ ದಿನವೂ ಹೋಗುವವರೋ ಇದ್ದರೆ ಉತ್ತಮ. ಪ್ರಕಟಣೆ ಕಂಡ ದಿನವೇ ಕತ್ತರಿಸಿಟ್ಟುಕೊಂಡು, ಅದರಲ್ಲಿ ಹೇಳಿದ ಗಡುವಿನೊಳಗೆ ಲಿಖಿತ ಆಕ್ಷೇಪಣೆ ಕೊಟ್ಟು, ಇನ್ನೊಂದು ಪ್ರತಿಗೆ ಕಚೇರಿಯ ಮೊಹರು ಹಾಕಿಸಿಕೊಳ್ಳಬೇಕು. ಮೊಹರಿಲ್ಲದ ಮನವಿ ಕೊಟ್ಟಂತೆ ಲೆಕ್ಕಕ್ಕೆ ಬರುವುದಿಲ್ಲ. ನಗರಸಭೆಯ ಬಜೆಟ್ ಪೂರ್ವಭಾವಿ ಸಭೆ, ವಾರ್ಡಿನ ಸದಸ್ಯರ ಮೂಲಕ ಸಾಮಾನ್ಯ ಸಭೆಯಲ್ಲಿ ವಿಷಯ ಮಂಡನೆ, ಜಿಲ್ಲಾಧಿಕಾರಿಯವರಿಗೆ ನೇರ ಮನವಿ, ಇವು ಉಳಿದ ದಾರಿಗಳು.

ಸಭೆಗೆ ಯಾರು ಬರಬೇಕು

ಸಂಘದ ಅಧ್ಯಕ್ಷರು, ಕಾರ್ಯದರ್ಶಿ, ನಾಲ್ಕು ಜನ ಸ್ವಂತ ಮನೆಯವರು ಸೇರಿದರೆ ಅದು ಬಡಾವಣೆಯ ಸಭೆಯಾಗುವುದಿಲ್ಲ. ಮಲಿನ ಜಾಗದ ಪಕ್ಕದಲ್ಲಿ ಹೆಚ್ಚು ಹೊತ್ತು ಇರುವವರು ಬಾಡಿಗೆ ಮನೆಯವರು, ಗುಜರಿ ಆಯುವವರು, ಪೌರಕಾರ್ಮಿಕರು, ತಳ್ಳುಗಾಡಿಯವರು, ಗ್ಯಾರೇಜಿನಲ್ಲಿ ಕೆಲಸ ಕಲಿಯುವ ಹುಡುಗರು. ಜಾಗ ಅಭಿವೃದ್ಧಿಯಾದಾಗ ಮೊದಲು ಎಬ್ಬಿಸಲ್ಪಡುವವರೂ ಇವರೇ. ಬೀದಿಬದಿ ವ್ಯಾಪಾರಿಗಳಿಗೆ 2014ರ ಕಾಯ್ದೆ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಶೇಕಡ 40ಕ್ಕೆ ಕಡಿಮೆಯಿಲ್ಲದ ಸ್ಥಾನ ಕೊಟ್ಟಿದೆ. ಆ ಪ್ರತಿನಿಧಿಗಳನ್ನು ಹುಡುಕಿ ಕರೆತರಬೇಕು. ಸಭೆಯ ಹೊತ್ತನ್ನು ಕೂಲಿ ಮುಗಿಸಿ ಬಂದವರಿಗೆ ಒಪ್ಪುವಂತೆ ಇಡಿ. ಹೆಂಗಸರು ಮಾತನಾಡಬೇಕಾದರೆ ಅವರದೇ ಪ್ರತ್ಯೇಕ ಸಭೆಯನ್ನು ಮೊದಲು ನಡೆಸಿ, ಅಲ್ಲಿ ಬಂದ ಮಾತುಗಳನ್ನು ಅವರಲ್ಲೇ ಒಬ್ಬರು ದೊಡ್ಡ ಸಭೆಯಲ್ಲಿ ಹೇಳುವಂತೆ ಮಾಡಿ.

ನೀರು ಹರಿಯುವ ದಿಕ್ಕಿನಲ್ಲಿರುವವರೂ ಪಾಲುದಾರರೇ. ಯಗಚಿ ಚಿಕ್ಕಮಗಳೂರಿನ ಕಡೆಯ ಬೆಟ್ಟಸಾಲಿನಲ್ಲಿ ಹುಟ್ಟಿ ಬೇಲೂರಿನ ಮೇಲೆ ಹಾದು ಗೊರೂರಿನ ಬಳಿ ಹೇಮಾವತಿಯನ್ನು ಸೇರುತ್ತದೆ. ಬೇಲೂರಿನ ಯಗಚಿ ಜಲಾಶಯದಿಂದಲೇ ಚಿಕ್ಕಮಗಳೂರು ನಗರಕ್ಕೆ ಕುಡಿಯುವ ನೀರೂ ಬರುತ್ತದೆ. ನಮ್ಮ ಚರಂಡಿಗೆ ಸೇರಿದ್ದು ನಮ್ಮಿಂದ ದೂರ ಹೋಯಿತೆಂದು ತಿಳಿಯುವಂತಿಲ್ಲ. ಜಾಗದಿಂದ ಹೊರಡುವ ಮೋರಿ ಯಾವ ಕೆರೆಗೆ, ಅಲ್ಲಿಂದ ಯಾವ ಹಳ್ಳಕ್ಕೆ ಹೋಗುತ್ತದೆಂದು ನಡೆದುಕೊಂಡು ಹೋಗಿ ನೋಡಿ, ಆ ಹಾದಿಯ ಬಾವಿ ಇರುವ ಮನೆಗಳನ್ನು ಪಟ್ಟಿ ಮಾಡಿ.

ಸಂಘ ನೋಂದಣಿ ಆಗಿಲ್ಲದಿದ್ದರೆ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಏಳು ಜನ ಸೇರಿ ಮಾಡಿಸಿಕೊಳ್ಳಬಹುದು. ಮನವಿಗೆ ನೋಂದಣಿ ಬೇಕೇ ಬೇಕೆಂದಿಲ್ಲ, ಹಣ ಸಂಗ್ರಹಿಸುವುದಾದರೆ ಬೇಕು.

ಜಾಗದ ಚರಿತ್ರೆ ಬರೆಯುವುದು

ಪ್ರಯೋಗಾಲಯಕ್ಕೆ ಹೋಗುವ ಮೊದಲು ಮಾಡಬೇಕಾದ, ಎಲ್ಲಕ್ಕಿಂತ ಅಗ್ಗವಾದ, ಬೇರೆ ಯಾರೂ ನಿಮ್ಮಷ್ಟು ಚೆನ್ನಾಗಿ ಮಾಡಲಾಗದ ಕೆಲಸ ಇದು. ಹೊರಗಿನಿಂದ ಬಂದ ತಜ್ಞರಿಗೆ ಈಗಿನ ಖಾಲಿ ನಿವೇಶನ ಮಾತ್ರ ಕಾಣುತ್ತದೆ. ಎಲ್ಲಿ ಏನು ನಡೆಯುತ್ತಿತ್ತು ಎಂಬುದು ಅಲ್ಲಿ ದುಡಿದವರ ನೆನಪಿನಲ್ಲಿದೆ. ದೊಡ್ಡ ಹಾಳೆಯ ಮೇಲೆ ಜಾಗದ ನಕಾಶೆ ಬಿಡಿಸಿ, ಹಳಬರನ್ನು ಕೂರಿಸಿ, ಹತ್ತು ಹತ್ತು ವರ್ಷಕ್ಕೆ ಒಂದರಂತೆ ಬೇರೆ ಬೇರೆ ಬಣ್ಣದಲ್ಲಿ ಗುರುತು ಹಾಕಿಸಿ. ಬಾಯ್ಲರ್ ಎಲ್ಲಿತ್ತು, ಡೀಸೆಲ್ ಬ್ಯಾರೆಲ್ ಎಲ್ಲಿಡುತ್ತಿದ್ದರು, ಕೆಟ್ಟ ಆಯಿಲ್ ಎಲ್ಲಿ ಚೆಲ್ಲುತ್ತಿದ್ದರು, ಬಾವಿ ಯಾವಾಗ ಮುಚ್ಚಿದರು, ಮಳೆಗಾಲದಲ್ಲಿ ನೀರು ಎಲ್ಲಿ ನಿಲ್ಲುತ್ತಿತ್ತು ಎಂದು ಒಂದೊಂದಾಗಿ ಕೇಳಿ. ಇಂಥ ಒಂದು ಕೂಟದಲ್ಲಿ ಗಂಡಸರೆಲ್ಲ ಯಂತ್ರಗಳ ವಿಷಯ ಹೇಳಿ ಮುಗಿಸಿದ ಮೇಲೆ, ಬೀಜ ಆರಿಸುವ ಕೆಲಸ ಮಾಡುತ್ತಿದ್ದ ಅಜ್ಜಿಯೊಬ್ಬರು ಹಾಳೆಯ ಒಂದು ಮೂಲೆಗೆ ಬೆರಳಿಟ್ಟು, “ಔಸ್ದಿ ಡಬ್ಬ ಇಲ್ಲೇ ತೊಳೀತಿದ್ರು ಕಣಪ್ಪ, ಇಲ್ಲಿ ಹುಲ್ಲೂ ಹುಟ್ತಿರ್ಲಿಲ್ಲ” ಎಂದರು. ಮಣ್ಣಿನ ಮಾದರಿ ಎಲ್ಲಿಂದ ತೆಗೆಯಬೇಕೆಂಬುದನ್ನು ಇಂಥ ಮಾತುಗಳೇ ನಿರ್ಧರಿಸಬೇಕು.

ಆ ಔಷಧಿ ಯಾವುದಿರಬಹುದೆಂಬುದಕ್ಕೆ ನಮ್ಮ ಕಾಫಿ ಸೀಮೆಯಲ್ಲಿ ಉತ್ತರ ಸುಲಭ. ಅರೇಬಿಕಾ ಗಿಡದ ಬಿಳಿ ಕಾಂಡಕೊರಕಕ್ಕೆ ಮೊದಲು ಬಿಎಚ್‌ಸಿ, ಆಮೇಲೆ ಲಿಂಡೇನ್ ಎಂಬ ಕೀಟನಾಶಕ ಬಳಿಯುವುದು ದಶಕಗಳ ಕಾಲ ರೂಢಿಯಲ್ಲಿತ್ತು. ಬಿಎಚ್‌ಸಿ 1997ರಲ್ಲಿ ನಿಷೇಧವಾಯಿತು. ಲಿಂಡೇನ್ ತಯಾರಿಕೆ 2011ರಲ್ಲಿ, ಬಳಕೆ 2013ರಲ್ಲಿ ನಿಂತಿತು. ಇವು ಬೇಗ ಕೊಳೆಯುವ ವಸ್ತುಗಳಲ್ಲ, ದಾಸ್ತಾನು ಮಾಡಿದ ಮತ್ತು ಚೆಲ್ಲಿದ ಕಡೆಯ ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತವೆ. ಬೋರ್ಡೋ ದ್ರಾವಣಕ್ಕೆ ಬೇಕಾದ ಮೈಲುತುತ್ತ ಇಟ್ಟಿದ್ದ ಕಡೆ ತಾಮ್ರದ ಅಂಶ ಹೆಚ್ಚಿರುತ್ತದೆ. ಬ್ಯಾಟರಿ ಒಡೆದ ಕಡೆ ಸೀಸ, ಬಂಕಿನ ನೆಲದಡಿಯ ಟ್ಯಾಂಕ್ ಸೋರಿದ ಕಡೆ ಬೆಂಜೀನ್, ಲೋಹಕ್ಕೆ ಮುಲಾಮು (ಎಲೆಕ್ಟ್ರೋಪ್ಲೇಟಿಂಗ್) ಹಾಕುತ್ತಿದ್ದ ಕಡೆ ಕ್ರೋಮಿಯಂ, ಹಳೆ ಸೂರಿನಲ್ಲಿ ಕಲ್ನಾರಿನ (ಆಸ್‌ಬೆಸ್ಟಾಸ್) ಶೀಟು ಎಂದು ಕಸುಬಿಗೆ ತಕ್ಕಂತೆ ಅನುಮಾನದ ಪಟ್ಟಿ ಮಾಡಿಕೊಳ್ಳಬಹುದು.

ನೆನಪಿಗೆ ದಾಖಲೆಯ ಬೆಂಬಲ ಬೇಕು. ಸರ್ವೆ ನಂಬರನ್ನು ಸರ್ಕಾರದ ಭೂನಕ್ಷೆಯ ದಿಶಾಂಕ್ ಆ್ಯಪ್‌ನಲ್ಲಿ ನೋಡಿಕೊಂಡು ಪಹಣಿ, ಮ್ಯುಟೇಷನ್, ಭೂ ಪರಿವರ್ತನೆಯ ಆದೇಶ, ಉಪನೋಂದಣಾಧಿಕಾರಿ ಕಚೇರಿಯ ಋಣಭಾರ ಪತ್ರ ತೆಗೆಸಿ. ಒಡೆತನ ಯಾರಿಂದ ಯಾರಿಗೆ ದಾಟಿತೆಂಬುದು ಮುಂದೆ ಹೊಣೆ ಹೊರಿಸುವಾಗ ಬೇಕಾಗುತ್ತದೆ. ಉಳಿದದ್ದಕ್ಕೆ 2005ರ ಮಾಹಿತಿ ಹಕ್ಕು. ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿಯಿಂದ ಆ ಘಟಕಕ್ಕೆ ಕೊಟ್ಟ ಸಮ್ಮತಿ ಪತ್ರ, ತಪಾಸಣಾ ಟಿಪ್ಪಣಿ, ಮಾದರಿಗಳ ಫಲಿತಾಂಶ. ಕಾರ್ಖಾನೆ ಮತ್ತು ಬಾಯ್ಲರುಗಳ ಇಲಾಖೆಯಿಂದ ಪರವಾನಗಿ ಕಡತ. ಬಂಕ್ ಆಗಿದ್ದರೆ ಜಿಲ್ಲಾಧಿಕಾರಿ ಕಚೇರಿಯ ನಿರಾಕ್ಷೇಪಣಾ ಪತ್ರ. ನಗರಸಭೆಯಿಂದ ಉದ್ದಿಮೆ ಪರವಾನಗಿ ಕೇಳಬೇಕು. ಕರ್ನಾಟಕದ ನಿಯಮದಲ್ಲಿ ಅರ್ಜಿ ಒಂದೇ ವಿಷಯಕ್ಕೆ ಸಂಬಂಧಿಸಿರಬೇಕು, ಸಾಮಾನ್ಯವಾಗಿ 150 ಪದ ಮೀರಬಾರದು. ಎಲ್ಲವನ್ನೂ ಒಂದೇ ಅರ್ಜಿಗೆ ತುರುಕಿದರೆ ಇದೇ ಕಾರಣಕ್ಕೆ ವಾಪಸು ಬರುತ್ತದೆ. ಪ್ರತಿ ಕಚೇರಿಗೆ, ಪ್ರತಿ ವಿಷಯಕ್ಕೆ ಬೇರೆ ಅರ್ಜಿ ಬರೆದು ತಲಾ 10 ರೂಪಾಯಿಯ ಪೋಸ್ಟಲ್ ಆರ್ಡರ್ ಲಗತ್ತಿಸಿ. “ಏಕೆ ಕ್ರಮ ಕೈಗೊಂಡಿಲ್ಲ” ಎಂದು ಕೇಳಬೇಡಿ, “ಇಂಥ ದಾಖಲೆಯ ದೃಢೀಕೃತ ನಕಲು ಕೊಡಿ” ಎಂದು ಕೇಳಿ. 30 ದಿನದಲ್ಲಿ ಉತ್ತರ ಬರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ ಸಲ್ಲಿಸಬೇಕು.

ಮಣ್ಣು ಮತ್ತು ನೀರಿನ ಪರೀಕ್ಷೆ

ಇಲ್ಲಿ ಬಹಳ ಸಂಘಗಳು ಎಡವುತ್ತವೆ. ತೋಟದವರಿಗೆ ಮಣ್ಣು ಪರೀಕ್ಷೆ ಹೊಸದಲ್ಲವಾದ್ದರಿಂದ, ಕೃಷಿ ವಿಜ್ಞಾನ ಕೇಂದ್ರದಲ್ಲೋ ಕಾಫಿ ಮಂಡಳಿಯಲ್ಲೋ ಮಾಡಿಸಿದ ವರದಿ ತಂದು “ಮಣ್ಣು ಚೆನ್ನಾಗಿದೆ” ಎನ್ನುತ್ತಾರೆ. ಆ ಪರೀಕ್ಷೆ ಹೇಳುವುದು ರಸಸಾರ, ಸಾವಯವ ಇಂಗಾಲ, ಸಾರಜನಕ, ರಂಜಕ, ಪೊಟ್ಯಾಷ್‌ಗಳ ಮಟ್ಟವನ್ನು. ಸೀಸವನ್ನಾಗಲಿ ಲಿಂಡೇನನ್ನಾಗಲಿ ಅದು ಹುಡುಕುವುದೇ ಇಲ್ಲ. ಫಲವತ್ತಾದ ಮಣ್ಣು ವಿಷವಾಗಿರಬಹುದು. ಎನ್‌ಎಬಿಎಲ್ (ಪ್ರಯೋಗಾಲಯಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಸಂಸ್ಥೆ) ಮಾನ್ಯತೆ ಪಡೆದ ಪ್ರಯೋಗಾಲಯಕ್ಕೆ, ಯಾವ ಯಾವ ವಸ್ತುಗಳನ್ನು ಹುಡುಕಬೇಕೆಂದು ಹೆಸರು ಹೇಳಿ ಬರೆದುಕೊಡಬೇಕು; ಹೆಸರು ಹೇಳದ ವಸ್ತುವನ್ನು ಅವರು ಹುಡುಕುವುದಿಲ್ಲ. ಚರಿತ್ರೆಯ ನಕಾಶೆ ಕೆಲಸಕ್ಕೆ ಬರುವುದು ಇಲ್ಲೇ.

ಮಾದರಿ ತೆಗೆಯುವ ಕ್ರಮದಲ್ಲಿ ಕೆಲವನ್ನು ಬಿಡುವಂತಿಲ್ಲ. ಇಡೀ ಜಾಗದ ಮಣ್ಣನ್ನು ಕಲಸಿ ಒಂದೇ ಚೀಲ ಮಾಡಿದರೆ, ಒಂದು ಮೂಲೆಯಲ್ಲಿರುವ ವಿಷ ಉಳಿದ ಮಣ್ಣಿನಲ್ಲಿ ತೆಳುವಾಗಿ ಲೆಕ್ಕಕ್ಕೇ ಸಿಗುವುದಿಲ್ಲ. ತೋಟಕ್ಕೆ ಸರಿಯಾದ ಈ ಪದ್ಧತಿ ಇಲ್ಲಿ ದಾರಿ ತಪ್ಪಿಸುತ್ತದೆ. ಅನುಮಾನದ ಪ್ರತಿ ಸ್ಥಳಕ್ಕೂ ಬೇರೆ ಚೀಲ ಇರಲಿ. ಮಕ್ಕಳ ಕೈಗೆ ಸಿಗುವುದು ಮೇಲುಮಣ್ಣಾದ್ದರಿಂದ ಮೇಲಿನ 15 ಸೆಂಟಿಮೀಟರಿನದನ್ನು ಒಂದಾಗಿ, ಅದರ ಕೆಳಗಿನದನ್ನು ಇನ್ನೊಂದಾಗಿ ತೆಗೆಯಿರಿ. ಹೋಲಿಕೆಗೆಂದು, ಅದೇ ಬಗೆಯ ಮಣ್ಣಿರುವ, ಯಾವ ಉದ್ದಿಮೆಯೂ ನಡೆಯದ ಸಮೀಪದ ಜಾಗದಿಂದ ಒಂದು ಮಾದರಿ ಇರಲೇಬೇಕು. ಪೆಟ್ರೋಲಿನ ಅನುಮಾನವಿದ್ದರೆ ಪ್ಲಾಸ್ಟಿಕ್ ಚೀಲ ಆಗದು. ಗಾಜಿನ ಸೀಸೆಯನ್ನು ತುಂಬ ತುಂಬಿ, ಬಿಗಿಯಾಗಿ ಮುಚ್ಚಿ, ಐಸ್ ಪೆಟ್ಟಿಗೆಯಲ್ಲಿ ಕಳಿಸಬೇಕು, ಇಲ್ಲವಾದರೆ ಹುಡುಕಬೇಕಾದದ್ದೇ ಆವಿಯಾಗಿ ಹೋಗಿರುತ್ತದೆ. ಪ್ರತಿ ಚೀಲದ ಮೇಲೆ ದಿನ, ಹೊತ್ತು, ಆಳ, ಮೊಬೈಲ್‌ನಲ್ಲಿ ಸಿಗುವ ಅಕ್ಷಾಂಶ ರೇಖಾಂಶ, ತೆಗೆದವರ ಸಹಿ ಇರಲಿ. ಚೀಲ ಯಾರ ಕೈಯಿಂದ ಯಾರ ಕೈಗೆ ಹೋಯಿತೆಂಬ ಚೀಟಿ ಜೊತೆಗಿರಲಿ. ಜಾಗದ ಮಾಲೀಕರ ಒಪ್ಪಿಗೆಯಿಲ್ಲದೆ ಒಳಗೆ ಹೋಗಿ ಅಗೆಯಬಾರದು. ಮಾಲಿನ್ಯ ನಿಯಂತ್ರಣ ಮಂಡಳಿಯ ಅಧಿಕಾರಿಗಳು ಮಾದರಿ ತೆಗೆಯುವ ದಿನ ಹಾಜರಿದ್ದು, ಅದರಲ್ಲೇ ಒಂದು ಪಾಲನ್ನು ಸಂಘಕ್ಕೆ ಕೊಡುವಂತೆ ಮೊದಲೇ ಬರೆದು ಕೇಳುವುದು ಎಲ್ಲಕ್ಕಿಂತ ಗಟ್ಟಿಯಾದ ದಾರಿ. ಕಲ್ನಾರಿನ ಶೀಟನ್ನು ಮಾತ್ರ ಯಾರೂ ಮುರಿಯಬಾರದು, ಕೆರೆಯಬಾರದು.

ನೀರನ್ನು ಎರಡು ಬಾರಿ ಪರೀಕ್ಷಿಸಬೇಕು: ಮೇ ತಿಂಗಳಲ್ಲಿ ಬಾವಿ ಕೆಳಗಿಳಿದಾಗ ಒಮ್ಮೆ, ಮಳೆಗಾಲ ಮುಗಿದ ಅಕ್ಟೋಬರಿನಲ್ಲಿ ಒಮ್ಮೆ. ಮಲೆನಾಡಿನ ಸೆರಗಿನಲ್ಲಿರುವ ನಮಗೆ ಮಳೆಗಾಲದಲ್ಲಿ ಅಂತರ್ಜಲ ಮೇಲೇರಿ ಹೂತಿಟ್ಟ ವಸ್ತುಗಳನ್ನು ಮುಟ್ಟುತ್ತದೆ. ಬೇಸಿಗೆಯ ಒಂದೇ ವರದಿ ನೋಡಿ ಸಮಾಧಾನ ಪಡುವಂತಿಲ್ಲ. ಕುಡಿಯುವ ನೀರಿಗೆ ಭಾರತೀಯ ಮಾನಕ 10500 ಹೇಳುವ ಮಿತಿ ಲೀಟರಿಗೆ ಸೀಸ 0.01, ಒಟ್ಟು ಕ್ರೋಮಿಯಂ 0.05, ನೈಟ್ರೇಟ್ 45 ಮಿಲಿಗ್ರಾಂ. ವರದಿಯ ಅಂಕಿಯ ಪಕ್ಕದಲ್ಲಿ ಈ ಮಿತಿಯನ್ನು ಬರೆದು ಸಭೆಯಲ್ಲಿ ಗೋಡೆಗೆ ಅಂಟಿಸಿದರೆ ಅಕ್ಷರ ಬಲ್ಲ ಯಾರಿಗೂ ಅರ್ಥವಾಗುತ್ತದೆ.

ವರದಿ ಓದಿ ಹೇಳಲು ಸಂಘದ ಕಡೆಯವರೇ ಆದ ತಜ್ಞರೊಬ್ಬರು ಬೇಕು. ಅಮೆರಿಕದ ಲವ್ ಕೆನಾಲ್‌ನಲ್ಲಿ ರಾಸಾಯನಿಕ ತ್ಯಾಜ್ಯ ಹೂತ ಜಾಗವನ್ನು 1953ರಲ್ಲಿ ಶಾಲಾ ಮಂಡಳಿಗೆ ಒಂದು ಡಾಲರಿಗೆ ಮಾರಿ, ಅಲ್ಲಿ ಶಾಲೆ, ಸುತ್ತ ಮನೆಗಳು ಬಂದವು. ಅಲ್ಲಿನ ತಾಯಂದಿರು ಮನೆ ಮನೆಗೆ ಹೋಗಿ ಕಾಯಿಲೆಗಳನ್ನು ನಕ್ಷೆಯ ಮೇಲೆ ಗುರುತಿಸಿದ್ದರಿಂದ ವಿಷಯ ದೊಡ್ಡದಾಗಿ, 1978ರಲ್ಲಿ ತುರ್ತುಸ್ಥಿತಿ ಘೋಷಣೆಯಾಯಿತು, 1980ರಲ್ಲಿ ಮಲಿನ ಜಾಗಗಳ ಶುದ್ಧೀಕರಣಕ್ಕೆಂದು ಸೂಪರ್‌ಫಂಡ್ ಕಾನೂನು ಬಂತು. ಆ ಕಾನೂನಿಗೆ 1986ರ ತಿದ್ದುಪಡಿಯಾದ ಮೇಲೆ, ನೆರೆಹೊರೆಯ ಸಂಘ ತನ್ನದೇ ತಜ್ಞರನ್ನು ನೇಮಿಸಿಕೊಳ್ಳಲು 50,000 ಡಾಲರ್‌ವರೆಗೆ ಅನುದಾನ ಸಿಗುತ್ತದೆ. ನಮ್ಮಲ್ಲಿ ಅಂಥ ಅನುದಾನದ ವ್ಯವಸ್ಥೆ ಆಗಲೇಬೇಕೆಂದು ನಾನು ಬಲವಾಗಿ ನಂಬುತ್ತೇನೆ. ಅಲ್ಲಿಯವರೆಗೆ ಚಿಕ್ಕಮಗಳೂರಿನ ಆದಿಚುಂಚನಗಿರಿ, ಹಾಸನದ ಮಲೆನಾಡು ಎಂಜಿನಿಯರಿಂಗ್ ಕಾಲೇಜುಗಳ ಸಿವಿಲ್ ವಿಭಾಗ, ಪದವಿ ಕಾಲೇಜುಗಳ ರಸಾಯನಶಾಸ್ತ್ರ ಅಧ್ಯಾಪಕರನ್ನು ಕೇಳಿಕೊಳ್ಳಬೇಕು. ಯೋಜನೆಯ ಗುತ್ತಿಗೆದಾರರಿಂದ ಶುಲ್ಕ ಪಡೆಯುತ್ತಿರುವವರನ್ನು ಮಾತ್ರ ಕೇಳಬೇಡಿ.

ಯಾವ ಕಾನೂನು ಯಾವ ಜಾಗಕ್ಕೆ

ಕೇಂದ್ರ ಪರಿಸರ ಸಚಿವಾಲಯವು 2025ರ ಜುಲೈನಲ್ಲಿ ಕಲುಷಿತ ಸ್ಥಳಗಳ ನಿರ್ವಹಣೆಗೆಂದೇ ನಿಯಮಗಳನ್ನು ಹೊರಡಿಸಿದೆ. ಇದರ ಪ್ರಕಾರ ಅನುಮಾನಾಸ್ಪದ ಸ್ಥಳಗಳನ್ನು ಗುರುತಿಸಿ ಆರು ತಿಂಗಳಿಗೊಮ್ಮೆ ಪಟ್ಟಿ ಕೊಡಬೇಕಾದವರು ಸ್ಥಳೀಯ ಸಂಸ್ಥೆ ಅಥವಾ ಜಿಲ್ಲಾಡಳಿತ; 90 ದಿನದಲ್ಲಿ ಪ್ರಾಥಮಿಕ ಪರಿಶೀಲನೆ, ನಂತರದ ಮೂರು ತಿಂಗಳಲ್ಲಿ ವಿವರವಾದ ಸಮೀಕ್ಷೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಹೊಣೆ. ಶುದ್ಧೀಕರಣದ ವೆಚ್ಚ ಕೆಡಿಸಿದವರದು. ಹೀಗಾಗಿ ಸಂಘದ ಮೊದಲ ಮನವಿ ಮಂಡಳಿಗಲ್ಲ, ನಗರಸಭೆಯ ಪೌರಾಯುಕ್ತರಿಗೆ ಮತ್ತು ಜಿಲ್ಲಾಧಿಕಾರಿಯವರಿಗೆ ಹೋಗಬೇಕು: ಇಂಥ ಸರ್ವೆ ನಂಬರಿನ ಜಾಗವನ್ನು ಮುಂದಿನ ಪಟ್ಟಿಗೆ ಸೇರಿಸಿ ಎಂದು, ಚರಿತ್ರೆಯ ನಕಾಶೆ ಮತ್ತು ದಾಖಲೆಗಳ ಸಮೇತ.

ಊರ ಕಸ ಸುರಿದ ಜಾಗಗಳಿಗೆ ಸಾಮಾನ್ಯವಾಗಿ ಈ ನಿಯಮ ಅನ್ವಯಿಸುವುದಿಲ್ಲ, ಅವು ಘನತ್ಯಾಜ್ಯ ನಿಯಮಗಳ ಕೆಳಗೆ ಬರುತ್ತವೆ. ಊರ ಕಸ ಹೋಗುವ ಜಾಗ ಚಿಕ್ಕಮಗಳೂರಿಗೆ ಇಂದಾವರ, ಹಾಸನಕ್ಕೆ ಅಗಿಲೆ ಎಂದರೆ ಈ ವಿಷಯದ ಕಷ್ಟ ಗೊತ್ತಿರುವವರಿಗೆ ಹೆಚ್ಚು ಹೇಳಬೇಕಿಲ್ಲ. ಹಳೆಯ ಕಸದ ಗುಡ್ಡೆಯನ್ನು ಅಗೆದು ಜರಡಿ ಹಿಡಿದು ಬೇರ್ಪಡಿಸುವ ಕೆಲಸ ಎಲ್ಲೇ ನಡೆದರೂ, ಕೊನೆಗೆ ಉಳಿಯುವ ಮಣ್ಣಿನಂಥ ಪುಡಿಯ ಮೇಲೆ ಕಣ್ಣಿಡಿ. ಅದರಲ್ಲಿ ಭಾರಲೋಹ ಎಷ್ಟಿದೆ ಎಂಬ ವರದಿ ಬರುವವರೆಗೆ ಅದನ್ನು ಗೊಬ್ಬರವೆಂದು ಹೊಲಕ್ಕಾಗಲಿ, ಭರ್ತಿಗೆಂದು ಕೆರೆದಂಡೆಗಾಗಲಿ ಒಯ್ಯಲು ಬಿಡಬಾರದು. ಖಾಲಿಯಾದ ಜಾಗದಡಿ ಕಸ ಉಳಿದಿದ್ದರೆ ಮೀಥೇನ್ ಅನಿಲ ಮತ್ತು ನೆಲ ಕುಸಿತದ ಅಪಾಯವಿರುವುದರಿಂದ ಅಲ್ಲಿ ಮನೆ ಕಟ್ಟುವ ಪ್ರಸ್ತಾಪವನ್ನು ಒಪ್ಪಬೇಡಿ.

ಯಾವ ಮನವಿಗೂ ಬೆಲೆ ಸಿಗದಿದ್ದಾಗ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಚೆನ್ನೈನ ದಕ್ಷಿಣ ಪೀಠವಿದೆ. ವ್ಯಾಜ್ಯದ ಕಾರಣ ಹುಟ್ಟಿದ ಆರು ತಿಂಗಳೊಳಗೆ ಹೋಗಬೇಕು. ಪರಿಹಾರ ಮತ್ತು ಪರಿಸರದ ಪುನಃಸ್ಥಾಪನೆ ಕೇಳುವುದಾದರೆ ಐದು ವರ್ಷದ ಅವಕಾಶವಿದೆ. ಮೊಹರು ಹಾಕಿಸಿಟ್ಟ ಮನವಿಗಳು ಇಲ್ಲಿ ಬೇಕಾಗುತ್ತವೆ.

ಬಳಕೆಯ ಮಾತುಕತೆ

ಕೊಡೈಕೆನಾಲ್‌ನಲ್ಲಿ 2001ರಲ್ಲಿ ಮುಚ್ಚಿದ ಥರ್ಮಾಮೀಟರ್ ಕಾರ್ಖಾನೆಯ ಪಾದರಸದ ಮಣ್ಣಿನ ವಿಷಯದಲ್ಲಿ ವರ್ಷಗಟ್ಟಲೆ ಜಗ್ಗಾಟ ನಡೆದದ್ದು ಒಂದು ಅಂಕಿಯ ಮೇಲೆ. ಕಿಲೋ ಮಣ್ಣಿಗೆ 20 ಮಿಲಿಗ್ರಾಂ ಉಳಿದರೆ ಸಾಕೆಂದು ಅಧಿಕಾರಿಗಳು ಒಪ್ಪಿದರು. ಕಾಡಿನ ಅಂಚಿನ ಅಂಥ ಜಾಗಕ್ಕೆ ಅದು ಸಾಲದೆಂದು ಹೋರಾಟಗಾರರು ವಾದಿಸಿದರು. ಬೆಟ್ಟದ ಮೇಲಿನ ಮಣ್ಣು ಕೆಳಗಿನ ನೀರಿಗೆ ಇಳಿಯುತ್ತದೆಂಬ ಅವರ ವಾದ ನಮ್ಮ ಸೀಮೆಗೂ ಸಲ್ಲುತ್ತದೆ. ಆ ಅಂಕಿ ಎಲ್ಲಿಂದ ಬಂತು, ಯಾವ ಬಳಕೆಯನ್ನು ಲೆಕ್ಕಕ್ಕೆ ಹಿಡಿದಿದ್ದಾರೆ, ಮಕ್ಕಳನ್ನು ಲೆಕ್ಕ ಹಾಕಿದ್ದಾರೆಯೇ, ಕೆಳಗಿನ ಬಾವಿಯನ್ನು ಲೆಕ್ಕ ಹಾಕಿದ್ದಾರೆಯೇ ಎಂಬ ನಾಲ್ಕು ಪ್ರಶ್ನೆಗಳನ್ನು ಯಾವ ವರದಿಯ ಮುಂದೆಯೂ ಇಡಬಹುದು.

ಬೇಡಿಕೆಯ ಪಟ್ಟಿ ಮಾಡುವ ಬದಲು ಎರಡು ಮೂರು ಬಳಕೆಗಳನ್ನು ಪಕ್ಕಪಕ್ಕದಲ್ಲಿಟ್ಟು, ಪ್ರತಿಯೊಂದಕ್ಕೂ ಎಷ್ಟು ಮಣ್ಣು ತೆಗೆಯಬೇಕು, ಯಾರಿಗೆ ಕೆಲಸ ಸಿಗುತ್ತದೆ, ಯಾರು ಜಾಗ ಬಿಡಬೇಕಾಗುತ್ತದೆ ಎಂದು ಚರ್ಚಿಸಿ. ಉದ್ಯಾನವೇ ಬೇಕೆಂದು ಸಭೆ ಹೇಳಿದರೆ, ಮಲಿನ ಮಣ್ಣನ್ನು ತೆಗೆಯುವುದೋ, ಪದರ ಹಾಸಿ ಮೇಲೆ ಹೊಸ ಮಣ್ಣು ಹಾಕುವುದೋ ಎಂಬುದನ್ನೂ ಅದೇ ಸಭೆ ತೀರ್ಮಾನಿಸಲಿ. ಮುಚ್ಚಿಡುವುದು ಅಗ್ಗ, ಆದರೆ ಆ ಪದರವನ್ನು ಎಂದೆಂದಿಗೂ ಕಾಯಬೇಕಾಗುತ್ತದೆ. ಅಲ್ಲಿ ವ್ಯಾಪಾರ ಮಾಡುತ್ತಿದ್ದವರಿಗೆ ಹೊಸ ಜಾಗದಲ್ಲಿ ಮೊದಲ ಹಕ್ಕು ಎಂಬುದು ನಡಾವಳಿಯಲ್ಲಿ ದಾಖಲಾಗದಿದ್ದರೆ ಅದು ಕೇವಲ ಭರವಸೆಯಾಗಿ ಉಳಿಯುತ್ತದೆ.

ಕೆಲಸ ನಡೆಯುವಾಗ ಮತ್ತು ಆಮೇಲೆ

ಅಗೆತ ಶುರುವಾದರೆ ಧೂಳಿಗೆ ನೀರು ಹೊಡೆಯುವುದು, ಲಾರಿಗೆ ಟಾರ್ಪಾಲು ಹೊದಿಸುವುದು, ಕೆಲಸಗಾರರಿಗೆ ಕೈಗವಸು ಮುಖಗವಸು, ಅಗೆದ ಮಣ್ಣು ಎಲ್ಲಿಗೆ ಹೋಯಿತೆಂಬ ರಸೀದಿ, ಇಷ್ಟನ್ನು ದಿನವೂ ನೋಡುವವರು ಬೇಕು. ಜೋರು ಮಳೆಯ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಗೆತ ಇಟ್ಟುಕೊಳ್ಳದಂತೆ ಒಪ್ಪಂದದಲ್ಲೇ ಬರೆಸಿ.

ಮುಗಿದ ಮೇಲೆ, ಉಳಿದ ಮಣ್ಣು ಯಾವ ಮಟ್ಟದಲ್ಲಿದೆ ಎಂಬ ಅಂತಿಮ ವರದಿಯ ದೃಢೀಕೃತ ಪ್ರತಿಯನ್ನು ಸಂಘ ಪಡೆಯಬೇಕು. ಬಾವಿ ತೋಡಬಾರದು, ಪದರ ಒಡೆಯಬಾರದು ಎಂಬ ಷರತ್ತುಗಳಿದ್ದರೆ ಅವು ನೋಂದಾಯಿತ ಪತ್ರದಲ್ಲಿ ಸೇರಲಿ. ಆಗ ಋಣಭಾರ ಪತ್ರ ತೆಗೆಸುವ ಮುಂದಿನ ಖರೀದಿದಾರರಿಗೆ ಅದು ಕಾಣುತ್ತದೆ. ಸುತ್ತಲಿನ ಬಾವಿಗಳ ಮೇ ಮತ್ತು ಅಕ್ಟೋಬರಿನ ಪರೀಕ್ಷೆ ವರ್ಷ ವರ್ಷವೂ ಮುಂದುವರಿಯಬೇಕು, ಅದರ ಖರ್ಚಿಗೆ ನಗರಸಭೆಯ ಬಜೆಟ್‌ನಲ್ಲಿ ಪ್ರತ್ಯೇಕ ಬಾಬ್ತು ಇಡುವಂತೆ ಪೂರ್ವಭಾವಿ ಸಭೆಯಲ್ಲಿ ಕೇಳಬೇಕು. ಕಡತದ ಒಂದು ಪ್ರತಿ ಕಾರ್ಯದರ್ಶಿಯವರ ಮನೆಯಲ್ಲಿ, ಒಂದು ಸಮೀಪದ ಶಾಲೆಯಲ್ಲಿ, ಒಂದು ನಗರ ಗ್ರಂಥಾಲಯದಲ್ಲಿ ಇರಲಿ. ಪದಾಧಿಕಾರಿಗಳು ಬದಲಾದಾಗ ಹೊಸಬರ ಸಹಿ ಪಡೆದು ಕಡತವನ್ನು ಒಪ್ಪಿಸಬೇಕು.